ವಿಳಾಸ ಹೇಳದವರು

ಚಿಕ್ಕಮ್ಮ ಬರೆದ ಅಭ್ಯಾಸದ ಕರೆಗಳಲ್ಲಿ ಸಾಯುವವರು ಕೂಡ ಮೊದಲು ವಿಳಾಸ ಹೇಳಿಯೇ ಸಾಯುತ್ತಿದ್ದರು. ಮನೆ ನಂಬರು, ಬೀದಿ, ಎಡಕ್ಕೋ ಬಲಕ್ಕೋ, ಪಕ್ಕದಲ್ಲೇನಿದೆ, ಎಲ್ಲ ಹೇಳಿ, ಆಮೇಲೆ ವಯಸ್ಸು ಹೇಳಿ, ಕೊನೆಗೆ "ಎದೆ ನೋಯ್ತಿದೆ" ಅನ್ನುತ್ತಿದ್ದರು. ಇಷ್ಟು ಶಿಸ್ತಿನ ರೋಗಿಗಳು ಯಾವ ಲೋಕದಲ್ಲಿದ್ದಾರೆ ಅಂತ ಯಾರೂ ಕೇಳಿರಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನಿ.

ಯಾಕೆಂದರೆ ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಫೋನು ಎತ್ತುತ್ತಲೇ ತಲೆಗೂದಲು ನರೆಸಿಕೊಂಡವಳು ಅವಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಳೆಂದರೆ, ಆ ಕಡೆ ಎಂಥವರೇ ಕಿರುಚಲಿ, ಅವರನ್ನು ದಾರಿಗೆ ತರುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಹೊಸಬರನ್ನು ತಯಾರು ಮಾಡುವ ಕೆಲಸವೂ ಅವಳದೇ. ಹೊಸಬರು ಒಂದು ಮೇಜಿನ ಮುಂದೆ ಕೂರುತ್ತಾರೆ. ಪಕ್ಕದ ಕೋಣೆಯಿಂದ ಯಾರಾದರೊಬ್ಬರು ಗಾಬರಿಯಾದ ಮನೆಯವರಂತೆ ಫೋನು ಮಾಡಿ, ಚಿಕ್ಕಮ್ಮ ಬರೆದುಕೊಟ್ಟ ಮಾತುಗಳನ್ನು ಓದುತ್ತಾರೆ. ಇದೇ ಅಭ್ಯಾಸದ ಕರೆ. ಅಂಥವು ಬರೆದೂ ಬರೆದೂ ಒಂದು ದಪ್ಪ ಫೈಲು ಆಗಿತ್ತು. ಫೈಲಿನ ಬಗ್ಗೆ ಅವಳಿಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಬೇಕು.

ಆ ಜಂಬ ಇಳಿಸಿದ್ದು ಸ್ವಂತ ಅಕ್ಕನ ಮಗಳು ಪುಟ್ಟಿ. ಒಂದೇ ಮನೆ, ಕೆಳಗಡೆ ಅಕ್ಕನ ಸಂಸಾರ, ಮಹಡಿ ಮೇಲೆ ಚಿಕ್ಕಮ್ಮ ಒಬ್ಬಳೇ. ಓದು ಮುಗಿಸಿದ ಪುಟ್ಟಿ ಚಿಕ್ಕಮ್ಮನ ಕೆಲಸವೇ ತನಗೂ ಬೇಕು ಅಂತ ಹಟ ಹಿಡಿದು ಕಂಟ್ರೋಲ್ ರೂಮಿಗೆ ಸೇರಿದಳು. ಪುಟ್ಟಿ ಕರೆಯುವುದನ್ನು ಕೇಳಿ ಕೇಳಿ ಇವಳು ಇಡೀ ಆಫೀಸಿಗೇ ಚಿಕ್ಕಮ್ಮ ಆಗಿಬಿಟ್ಟಳು, ಡ್ರೈವರುಗಳಿಗೂ ಸಹ.

ತರಬೇತಿಯಲ್ಲಿ ಪುಟ್ಟಿ ಎಲ್ಲರಿಗಿಂತ ಮುಂದು. ಅಭ್ಯಾಸದ ಕರೆ ಒಂದೂ ತಪ್ಪಲಿಲ್ಲ. ಆಮೇಲೆ ಮೊದಲ ನಿಜವಾದ ಕರೆ ಬಂತು. ಒಬ್ಬ ಗಂಡಸಿನ ದನಿ. "ಹಾಲು ಉಕ್ತಿದೆ. ಅವಳು ಹಾಲಿಗಿಟ್ಟಿದ್ಲು, ಅದು ಉಕ್ತಿದೆ, ನನಗೆ ಈ ಒಲೆ ಆರಿಸೋಕೆ ಬರಲ್ಲ." ಪುಟ್ಟಿ ವಿಳಾಸಕ್ಕೆ ಕಾದಳು. ಆತ ಮತ್ತೆ ಹಾಲು ಅಂದ. ವಿಳಾಸ ಕೇಳಿದರೆ ಹಾಲು, ಹೆಸರು ಕೇಳಿದರೆ ಹಾಲು. ಅವನ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಾಳೆ ಅನ್ನುವುದು ಪುಟ್ಟಿಗೆ ಹೊಳೆಯುವ ಹೊತ್ತಿಗೆ ಅವಳ ನಾಲಿಗೆಯೇ ಹೊರಳುತ್ತಿರಲಿಲ್ಲ. ಪಕ್ಕದ ಸೀಟಿನವಳು ಆ ಕರೆಯನ್ನು ತನ್ನ ಕಡೆ ಎಳೆದುಕೊಂಡು ಗಾಡಿ ಕಳಿಸಿದಳು. ಹೆಂಗಸು ಬದುಕಿದಳು. ಆದರೆ ಪುಟ್ಟಿ ಅಂದಿನಿಂದ ಫೋನಿನ ದೀಪ ಮಿನುಗಿದರೆ ಸಾಕು, ಎತ್ತದೆ ಪಕ್ಕದ ಸೀಟಿನವಳ ಮುಖ ನೋಡುತ್ತಿದ್ದಳು.

ಮೇಲ್ವಿಚಾರಕರು ಅವಳನ್ನು ಲೈನಿನಿಂದ ಎಬ್ಬಿಸಿ ಕಾಗದಪತ್ರದ ಮೂಲೆಗೆ ಕೂರಿಸಿದರು. ಕೆಟ್ಟ ಮನುಷ್ಯರಲ್ಲ. ಆದರೆ ಮುಖದ ಮೇಲೆ ಏನೂ ಕಾಣಿಸದ ಜಾತಿ. ಅವರು ಓದಿದರೆ ಬೆಂಕಿ ಬಿದ್ದ ಸುದ್ದಿಯೂ ಬಸ್ಸಿನ ವೇಳಾಪಟ್ಟಿಯ ಹಾಗೆ ಕೇಳಿಸುತ್ತಿತ್ತು.

"ಮುಂದಿನ ತಿಂಗಳು ಇನ್ನೊಂದೇ ಪರೀಕ್ಷೆ," ಅಂದರು ಚಿಕ್ಕಮ್ಮನಿಗೆ. "ಕರೆ ನೀವು ಬರೀರಿ, ಓದೋದು ನಾನು. ಪಾಸಾದ್ರೆ ಲೈನಿಗೆ ಕೂರ್ತಾಳೆ. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೊಳ್ಳಲಿ."

"ಅವಳು ನಮ್ಮ ಅಕ್ಕನ ಮಗಳು, ಸಾರ್. ನಾನೇ ಬರೆಯೋದು ಸರೀನಾ?"

"ಯಾವಾಗ್ಲೂ ಬರೆಯೋರು ನೀವೇ ತಾನೇ. ಎಂದಿನ ಹಾಗೇ ಬರೀರಿ."

ಅವತ್ತು ಮನೆಗೆ ಬಂದವಳೇ ಚಿಕ್ಕಮ್ಮ ಪುಟ್ಟಿಯ ಮೇಲೆ ಹಾರಾಡಿದಳು. ಎಷ್ಟು ಸಲ ಹೇಳಿಕೊಟ್ಟಿದ್ದೇನೆ, ಏನೇನು ಹೇಳಿಕೊಟ್ಟಿದ್ದೇನೆ, ಎಲ್ಲ ನೀರಿನಲ್ಲಿ ಹೋಮ ಆಯಿತಲ್ಲ ಅಂತ ಕೂಗಾಡಿದಳು. ಪುಟ್ಟಿ ತಲೆ ಬಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡಳು. ಕೊನೆಗೆ ಮೆಲ್ಲಗೆ ಹೇಳಿದಳು.

"ಚಿಕ್ಕಮ್ಮ, ನೀನು ಬರೆದ ಜನ ಯಾರೂ ಫೋನ್ ಮಾಡ್ಲೇ ಇಲ್ಲ. ಬೇರೆ ಯಾರೋ ಮಾಡಿದ್ರು."

ಚಿಕ್ಕಮ್ಮ ಧಡಧಡ ಮಹಡಿ ಹತ್ತಿ ಹೋಗಿ ಫೈಲು ತೆರೆದಳು. ಒಂದು ಓದಿದಳು, ಇನ್ನೊಂದು ಓದಿದಳು. ಮರದಿಂದ ಬಿದ್ದ ಹುಡುಗ ಅವಳ ಹಾಗೇ ಮಾತಾಡುತ್ತಿದ್ದ. ಬಸುರಿ ಹೆಂಗಸಿನ ಅತ್ತೆ ಅವಳ ಹಾಗೇ ಮಾತಾಡುತ್ತಿದ್ದಳು. ಕುಡಿದು ಗಾಜಿನಿಂದ ಕೈ ಕುಯ್ದುಕೊಂಡವನಂತೂ ಅವಳಿಗಿಂತ ಸ್ಪಷ್ಟ. ಇಷ್ಟು ವರ್ಷ ದಿನಾ ಬೆಳಗಾದರೆ ಊರಿನ ಗೋಳೆಲ್ಲ ಕಿವಿಯಾರೆ ಕೇಳಿದವಳು, ಬರೆಯಲು ಕೂತಾಗ ಒಂದು ದನಿಯನ್ನೂ ಕಾಗದಕ್ಕೆ ಇಳಿಸಿರಲಿಲ್ಲ. ತನಗೆ ಹೇಗೆ ಬೇಕೋ ಹಾಗೆ ಮಾತಾಡುವ ಜನರನ್ನು ಮಾಡಿಟ್ಟುಕೊಂಡಿದ್ದಳು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಸುಮ್ಮನೆ ಕೂರುವವಳಲ್ಲ ಅವಳು.

ಊರಿನ ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಬರವಣಿಗೆಯ ತರಗತಿ ನಡೆಯುತ್ತಿತ್ತು. ನಡೆಸುವವರು ಶಾಲೆಯಿಂದ ನಿವೃತ್ತರಾದ ಒಬ್ಬ ಟೀಚರು. ಕಡ್ಡಿಯಂಥ ಮೈ, ಗಂಟೆಯಂಥ ದನಿ. ಮುಂದೆ ಅಡುಗೆಮನೆಯ ಟೈಮರು ಒಂದನ್ನು ಇಟ್ಟುಕೊಂಡು ಕೂರುತ್ತಿದ್ದರು. ಬರುವವರು ಬೆರಳೆಣಿಕೆಯ ಮಂದಿ: ಒಬ್ಬ ಔಷಧಿ ಅಂಗಡಿಯವನು, ಹಾಡು ಕಟ್ಟುವ ಹುಚ್ಚಿನ ಒಬ್ಬ ನಿವೃತ್ತ ಕಂಡಕ್ಟರು, ಕಾಲೇಜಿನ ಇಬ್ಬರು ಹುಡುಗಿಯರು.

"ಇವತ್ತಿನ ವಿಷಯ, ಒಬ್ಬರು ಬಾಗಿಲ ಹತ್ರ ಕಾಯ್ತಿದ್ದಾರೆ," ಅಂದರು ಟೀಚರು. "ಟೈಮರ್ ಹೊಡೆಯೋ ತನಕ ಬರೀರಿ. ಪೆನ್ನು ಎತ್ತಬಾರದು, ಹೊಡೆದು ಹಾಕಬಾರದು, ಯೋಚನೆ ಮಾಡಬಾರದು."

ಚಿಕ್ಕಮ್ಮ ಬೇರೆಯವರು ಪೆನ್ನಿನ ಕ್ಯಾಪು ತೆಗೆಯುವುದರೊಳಗೆ ಬರೆದು ಮುಗಿಸಿದಳು. ಮೊದಲು ಓದಿದವಳೂ ಅವಳೇ. "ಸ್ಥಳ, ಮನೆ ಬಾಗಿಲು. ವ್ಯಕ್ತಿ, ಹೆಂಗಸು, ಸುಮಾರು ನಲವತ್ತು. ಸ್ಥಿತಿ, ಕಾಯುತ್ತಿದ್ದಾಳೆ. ಪ್ರಜ್ಞೆ ಇದೆ. ಉಸಿರಾಟ ಸಹಜ."

ಕಂಡಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರು ನಗಲಿಲ್ಲ.

"ಉಸಿರಾಟ ಸಹಜ ಅಂತ ಹೇಳ್ತಿರೋದು ಯಾರು?"

"ನಾನು. ನೋಡಿದ್ರೆ ಗೊತ್ತಾಗುತ್ತಲ್ಲ."

"ಅಂದ್ರೆ ನೀವು ಅವಳ ಎದುರಿಗೆ ನಿಂತಿದ್ದೀರಿ. ಅವಳು ಕಾಯ್ತಿರೋದು ಯಾರನ್ನ ಅಂತ ಎದುರಿಗೆ ನಿಂತೋರಿಗೆ ಹೇಗೆ ಗೊತ್ತಾಗಬೇಕು? ಸ್ವಲ್ಪ ಒಳಗೆ ಹೋಗಿ ನೋಡಿ."

ಮೆಟ್ಟಿಲಿಳಿಯುವಾಗ ಚಿಕ್ಕಮ್ಮ ಒಬ್ಬಳೇ ಗೊಣಗಿದಳು. ಒಳಗೆ ಹೋಗಬೇಕಂತೆ, ನಾನೇನು ಆಪರೇಷನ್ ಮಾಡೋ ಡಾಕ್ಟರಾ. ಆದರೂ ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಬೆಂಚಿನಲ್ಲಿ ಕೂತಿದ್ದಳು.

ಟೀಚರು ಕೊಡುತ್ತಿದ್ದ ಅಭ್ಯಾಸಗಳು ಮೇಲೆ ನೋಡಿದರೆ ಮಕ್ಕಳಾಟ, ಮಾಡಲು ಕೂತರೆ ಬೆವರಿಳಿಸುತ್ತಿದ್ದವು. ಇಬ್ಬರು ಮಾತಾಡಬೇಕು, ಒಬ್ಬರಿಗೆ ಏನೋ ಬೇಕು, ಬೇಕಾದದ್ದರ ಹೆಸರನ್ನು ಮಾತ್ರ ಹೇಳುವಂತಿಲ್ಲ. ಚಿಕ್ಕಮ್ಮನ ಪಾತ್ರ ಎರಡನೇ ಸಾಲಿಗೇ ಹೇಳಿಬಿಡುತ್ತಿತ್ತು. "ನಿಮ್ಮ ಪಾತ್ರಗಳಿಗೆ ಹೊಟ್ಟೇಲಿ ಏನೂ ನಿಲ್ಲಲ್ಲ," ಅಂತ ಔಷಧಿ ಅಂಗಡಿಯವನು ಕಾಲೆಳೆದ. ಇನ್ನೊಂದು ವಾರ, ಹೊರಗೆ ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಬರೆದು ತನ್ನಿ ಅಂದರು, ತಿದ್ದುವ ಹಾಗಿಲ್ಲ. ಚಿಕ್ಕಮ್ಮ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ನಿದ್ದೆ ಬಂದವಳ ಹಾಗೆ ಕೂತು ಹಿಂದಿನ ಸೀಟಿನ ಜಗಳವನ್ನೆಲ್ಲ ಬರೆದುಕೊಂಡಳು. ಮನೆಗೆ ಬಂದು ನೋಡಿದರೆ ಒಂದು ವಾಕ್ಯವೂ ಪೂರ್ತಿಯಾಗಿರಲಿಲ್ಲ. "ಅಲ್ಲ, ನಾನು ಹೇಳಿದ್ದು ಅದು... ನೀನು ಆವತ್ತು... ಹೋಗ್ಲಿ ಬಿಡು." ಫೋನಿನಲ್ಲಿ ತಾನು ದಿನವಿಡೀ ಕೇಳುವುದೂ ಇದನ್ನೇ ಅಲ್ಲವೇ ಅನ್ನಿಸಿತು.

ಆಮೇಲೆ ಆ ಭಾನುವಾರ ಬಂತು. "ನಿಮಗೆ ಕಂಡರೆ ಆಗದ ಒಬ್ಬರನ್ನ ತಗೊಳ್ಳಿ. ಅವರೇ ಮಾತಾಡೋ ಹಾಗೆ, ನಾನು ನಾನು ಅಂತ ಬರೀರಿ," ಅಂದರು ಟೀಚರು.

ಚಿಕ್ಕಮ್ಮ ಯೋಚಿಸಬೇಕಾಗಿರಲಿಲ್ಲ. ಪುಟ್ಟಿಯ ಆ ಮೊದಲ ಕರೆಯ ದಿನದಿಂದ ಅವಳು ಕೂತಲ್ಲಿ ನಿಂತಲ್ಲಿ ಶಪಿಸುತ್ತಿದ್ದುದು ಒಬ್ಬನನ್ನೇ, ಆ ಹಾಲಿನಪ್ಪನನ್ನು. ಹೆಂಡತಿ ನೆಲದ ಮೇಲೆ ಬಿದ್ದಿರುವಾಗ ಹಾಲು ಹಾಲು ಅಂದ ಆ ಮುಠ್ಠಾಳ ತನ್ನ ಪುಟ್ಟಿಯ ಬದುಕಿಗೇ ಕಲ್ಲು ಹಾಕಿದ ಅನ್ನುವುದು ಅವಳ ಲೆಕ್ಕ. ಅವನನ್ನು ಚೆನ್ನಾಗಿ ಬೈದು ಬರೆಯೋಣ ಅಂತಲೇ ಪೆನ್ನು ಹಿಡಿದಳು. ಆದರೆ ನಾನು ಅಂತ ಬರೆಯಬೇಕಲ್ಲ, ತನ್ನನ್ನು ತಾನೇ ಬೈದುಕೊಳ್ಳುವುದು ಹೇಗೆ. ಹೀಗಾಗಿ ಅಡುಗೆಮನೆಯಲ್ಲಿ ಅವನ ಜಾಗದಲ್ಲಿ ನಿಂತುಕೊಳ್ಳಬೇಕಾಯಿತು.

ಅವಳು ಬರೆದಳು: ನನಗೆ ಈ ಒಲೆಯ ತಿರುಗಣೆ ಗೊತ್ತಿಲ್ಲ. ಮದುವೆಯಾದಾಗಿನಿಂದ ಅವಳೇ ತಿರುಗಿಸಿದ್ದು. ಹಾಲು ಉಕ್ಕಿದರೆ ಅವಳು ಬೈತಾಳೆ. ಒರೆಸೋದು ನಾನು ತಾನೇ ಅಂತಾಳೆ. ಬೈಬೇಕು ಅಂದ್ರೆ ಅವಳು ಎದ್ದೇಳಬೇಕು. ಹಾಲು ಉಕ್ಕಲಿ, ಎದ್ದು ಬೈಯಲಿ. ಇಲ್ಲ, ಉಕ್ಕಬಾರದು, ಅವಳು ಎದ್ದಾಗ ಎಲ್ಲ ಸರಿಯಾಗಿರಬೇಕು.

ಟೈಮರು ಹೊಡೆದಾಗ ಚಿಕ್ಕಮ್ಮನ ಕಣ್ಣು ತುಂಬಿತ್ತು. ಬೈಯಲು ಹೊರಟವಳು ಅಳುತ್ತಾ ಕೂತಿದ್ದಳು, ಅದೂ ಆ ಕಂಡಕ್ಟರ ಎದುರಿಗೆ. ಆ ಬಡಪಾಯಿ ಹಾಲಿನಪ್ಪನ ಮೇಲಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳು ಓದಿದ ಮೇಲೆ ಟೀಚರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಕೊನೇ ಸಾಲಿದೆಯಲ್ಲ, ಅದನ್ನ ಮುಟ್ಟಬೇಡಿ," ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ಅವತ್ತಿನಿಂದ ಮನೆಯಲ್ಲಿ ಹೊಸ ಪಾಠ ಶುರುವಾಯಿತು. ಸಂಜೆಯಾದರೆ ಚಿಕ್ಕಮ್ಮ ಮೇಲಿನ ಅಡುಗೆಮನೆಯಿಂದ ಫೋನು ಮಾಡುವುದು, ಪುಟ್ಟಿ ಕೆಳಗಿನ ಕೋಣೆಯಲ್ಲಿ ಎತ್ತುವುದು. ಒಂದು ದಿನ ಚಿಕ್ಕಮ್ಮ ಹಾಲಿನಪ್ಪ, ಇನ್ನೊಂದು ದಿನ ಮಗು ನಾಣ್ಯ ನುಂಗಿದ್ದಕ್ಕೆ ಗಂಡನನ್ನು ಬೈಯುವುದರಲ್ಲೇ ಮುಳುಗಿದ ತಾಯಿ, ಮತ್ತೊಂದು ದಿನ ನನಗೇನೂ ಆಗಿಲ್ಲ, ಸುಮ್ಮನೆ ಫೋನು ಮಾಡಿದೆ ಅನ್ನುವ ಮುದುಕ. ಒಮ್ಮೆ ಅವಳು "ಅಯ್ಯೋ, ಕಣ್ಣೇ ಬಿಡ್ತಿಲ್ಲ" ಅಂತ ಕೂಗಿದ್ದು ಪಕ್ಕದ ಮನೆಗೆ ಕೇಳಿಸಿ, ಆ ಮನೆಯಾಕೆ ಚೊಂಬಿನಲ್ಲಿ ನೀರು ಹಿಡಿದುಕೊಂಡು ಓಡಿಬಂದಳು. ವಿಷಯ ತಿಳಿದ ಮೇಲೆ ಆ ನೀರನ್ನು ತಾನೇ ಕುಡಿದು ಹೋದಳು.

ಪುಟ್ಟಿ ಮೊದಮೊದಲು ನಕ್ಕಳು, ಆಮೇಲೆ ತಡವರಿಸಿದಳು, ಆಮೇಲೆ ಒಂದು ದಾರಿ ಹಿಡಿದಳು. ಅವರು ಹೇಳುತ್ತಿರುವುದನ್ನು ಬಿಡಿಸಬಾರದು, ಅದರ ಕೈ ಹಿಡಿದುಕೊಂಡೇ ಮುಂದೆ ಹೋಗಬೇಕು. "ಒಲೆಯ ತಿರುಗಣೆ ಬಲಗಡೆ ತಿರುಗಿಸಿ ಸರ್. ಆರಿತಾ? ಒಳ್ಳೇದಾಯ್ತು. ಈಗ ಅವರ ಪಕ್ಕ ಕೂತ್ಕೊಳ್ಳಿ. ನಿಮ್ಮ ಮನೆ ಯಾವ ಬೀದೀಲಿದೆ?" ಇದನ್ನು ಕೇಳಿದ ದಿನ ಚಿಕ್ಕಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಆದರೆ ಎಲ್ಲ ದಿನವೂ ಹಾಗಿರಲಿಲ್ಲ. ಪರೀಕ್ಷೆಯ ವಾರದಲ್ಲೇ ಒಂದು ಸಂಜೆ ಚಿಕ್ಕಮ್ಮ ಮಾತೇ ಆಡದೆ ಬರೀ ಬಿಕ್ಕುವ ಹೆಂಗಸಾದಳು. ಪುಟ್ಟಿ ಮತ್ತೆ ಕಲ್ಲಾಗಿ ಕೂತಳು. ಫೋನು ಇಟ್ಟು ಹಾಸಿಗೆಯ ಮೇಲೆ ಬಿದ್ದುಕೊಂಡವಳು ಊಟಕ್ಕೂ ಏಳಲಿಲ್ಲ.

ಅಕ್ಕ ಮೆಟ್ಟಿಲು ಹತ್ತಿ ಬಂದಳು. ಮಂಡಿ ನೋವಿನವಳು, ಸುಮ್ಮಸುಮ್ಮನೆ ಹತ್ತುವವಳಲ್ಲ.

"ಪರೀಕ್ಷೆಗೆ ಬರೆಯೋದು ನೀನೇ ಅಂತಲ್ಲ."

"ನಾನೇ."

"ಹಾಗಾದ್ರೆ ನಿನ್ನ ಹಳೇ ತರದ್ದೇ ಒಂದು ಬರಿ. ವಿಳಾಸ ಹೇಳ್ತಾರೆ, ಇವಳು ಬರ್ಕೊಳ್ತಾಳೆ, ಮುಗೀತು. ಯಾರಿಗೆ ಗೊತ್ತಾಗುತ್ತೆ? ನಿನ್ನನ್ನ ಇಲ್ಲೀ ತನಕ ಏನಾದ್ರೂ ಕೇಳಿದ್ದೀನಾ?"

ಕೇಳಿರಲಿಲ್ಲ, ನಿಜ. ಯಾರಿಗೂ ಗೊತ್ತಾಗುತ್ತಿರಲಿಲ್ಲ ಅನ್ನುವುದೂ ನಿಜ. ಎಂದಿನ ಹಾಗೇ ಬರೀರಿ ಅಂತ ಮೇಲ್ವಿಚಾರಕರ ಬಾಯಿಂದಲೇ ಬಂದಿತ್ತು. ಅಕ್ಕ ಇಳಿದುಹೋದ ಮೇಲೆ ಚಿಕ್ಕಮ್ಮ ಕೂತು ಅಂಥದ್ದೊಂದನ್ನು ಬರೆದೇಬಿಟ್ಟಳು. ಮೆಟ್ಟಿಲಿನಿಂದ ಜಾರಿದ ತಾತ, ಪಕ್ಕದಲ್ಲೇ ನಿಂತ ಬುದ್ಧಿವಂತ ಮೊಮ್ಮಗಳು, ಮೊದಲ ಸಾಲಿನಲ್ಲೇ ವಿಳಾಸ. ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಪುಟ್ಟಿ ಇದನ್ನು ಕಣ್ಣು ಮುಚ್ಚಿಕೊಂಡು ಪಾಸು ಮಾಡುತ್ತಾಳೆ.

ಪಾಸು ಮಾಡಿ ಲೈನಿಗೆ ಕೂರುತ್ತಾಳೆ. ಕೂತ ದಿನವೋ ಮಾರನೆಯ ದಿನವೋ ವಿಳಾಸ ಹೇಳದವರು ಒಬ್ಬರು ಫೋನು ಮಾಡುತ್ತಾರೆ. ಪಕ್ಕದ ಸೀಟಿನವಳು ಆಗ ಬೇರೆ ಕರೆಯಲ್ಲಿರುತ್ತಾಳೆ. ಆಮೇಲೆ ಅಡುಗೆಮನೆಯ ನೆಲದ ಮೇಲಿರುವವಳು ಏಳುವುದಿಲ್ಲ, ಈ ಹುಡುಗಿಯೂ ಏಳುವುದಿಲ್ಲ. ಮೊದಲಾಗಿದ್ದರೆ ಇಷ್ಟು ದೂರ ಯೋಚಿಸುತ್ತಿದ್ದಳೋ ಇಲ್ಲವೋ. ಈಗ ಅಭ್ಯಾಸ ಬಲವಾಗಿತ್ತು, ಬೇಡವೆಂದರೂ ಕಾಲು ಆ ಅಡುಗೆಮನೆಗೇ ಹೋಗಿ ನಿಲ್ಲುತ್ತಿತ್ತು.

ಚಿಕ್ಕಮ್ಮ ಇನ್ನೊಂದು ಹಾಳೆ ತೆಗೆದುಕೊಂಡಳು. ವಯಸ್ಸಾದ ತಂದೆ ಬಚ್ಚಲಿನಲ್ಲಿ ಬಿದ್ದಿದ್ದಾರೆ, ಒಳಗಿನಿಂದ ಚಿಲಕ ಹಾಕಿದೆ, ಹೊರಗೆ ಮಗ. ಅವನ ಬಾಯಲ್ಲಿ ಒಂದೇ ಮಾತು, ಚಿಲಕ ಹಾಕಬೇಡಿ ಅಂತ ಹೇಳಿದ್ದೆ. ಬರೆದು, ಹೊಡೆದು, ಮತ್ತೆ ಬರೆದು, ಟೀಚರು ಹೇಳಿಕೊಟ್ಟ ಹಾಗೆ ಜೋರಾಗಿ ಓದಿಕೊಂಡು, ತನ್ನ ಮಾತಿನ ವಾಸನೆ ಬಂದ ಕಡೆಯೆಲ್ಲ ಕೆರೆದು ತೆಗೆದಳು. ಕೆಳಗೆ ಓದುವವರಿಗೆ ಸೂಚನೆ ಬರೆದಳು: ಕೇಳಿದ ತಕ್ಷಣ ವಿಳಾಸ ಹೇಳಬೇಡಿ. ಆಕೆ ನಿಮ್ಮ ಮಾತನ್ನು ಹಿಡಿದುಕೊಂಡರೆ ಮಾತ್ರ ಹೇಳಿ. ಆಮೇಲೆ ಸುಳ್ಳು ವಿಳಾಸವೊಂದನ್ನು ಸೇರಿಸಿದಳು, ನಾಲ್ಕನೇ ಬೀದಿ, ಹಳದಿ ಗೇಟಿನ ಮನೆ.

ಬೆಳಿಗ್ಗೆ ಕೆಳಗೆ ಹೋಗಿ ಅಕ್ಕನಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದಳು. "ಸುಲಭದ್ದು ಬರೆದಿಲ್ಲ ಅಕ್ಕ. ಅವಳು ಮಾಡ್ತಾಳೆ."

"ಮಾಡದಿದ್ರೆ?"

"ಮಾಡದಿದ್ರೆ ಲೈನಿಗೆ ಕೂರಬಾರದು."

ಅಕ್ಕ ಅವಳ ಜೊತೆ ಮಾತು ಬಿಟ್ಟಳು.

ಪರೀಕ್ಷೆಯ ದಿನ ಮೇಲ್ವಿಚಾರಕರು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪುಟ್ಟಿ ಮೇಜಿನ ಮುಂದೆ ಕೂತಳು. ಚಿಕ್ಕಮ್ಮ ಅವಳ ಬೆನ್ನ ಹಿಂದೆ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಅದೇ ಕರೆಯ ಇನ್ನೊಂದು ಪ್ರತಿ. ಅವಳು ಕೇಳಿಸಿಕೊಳ್ಳಬಹುದು, ತುಟಿ ಬಿಚ್ಚುವ ಹಾಗಿಲ್ಲ. ದೀಪ ಮಿನುಗಿತು.

"ನಮಸ್ಕಾರ, ಆಂಬ್ಯುಲೆನ್ಸ್. ಎಲ್ಲಿಂದ ಮಾತಾಡ್ತಿದ್ದೀರಿ?"

"ನಾನು ಹೇಳಿದ್ದೆ ಅವರಿಗೆ," ಮೇಲ್ವಿಚಾರಕರು ಬಸ್ಸಿನ ವೇಳಾಪಟ್ಟಿಯ ಹಾಗೆ ಓದಿದರು. "ಚಿಲಕ ಹಾಕ್ಬೇಡಿ ಅಂತ ಹೇಳಿದ್ದೆ."

"ಸರ್, ನಿಮ್ಮ ವಿಳಾಸ?"

"ಚಿಲಕ ಹಾಕ್ಬೇಡಿ ಅಂತ ದಿನಾ ಹೇಳ್ತಿದ್ದೆ."

ಪುಟ್ಟಿಯ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ನಾನೇ ಇವಳನ್ನು ಹಳ್ಳಕ್ಕೆ ತಳ್ಳಿದೆನಲ್ಲ, ಆ ತಾತನ ಕಾಗದವೇ ಸಾಕಾಗಿತ್ತಲ್ಲ ಅಂತ ಚಿಕ್ಕಮ್ಮನಿಗೆ ಅನ್ನಿಸಿಬಿಟ್ಟಿತು.

"ಹೇಳಿದ್ರಿ ಸರ್," ಅಂದಳು ಪುಟ್ಟಿ. "ನೀವು ಹೇಳಿದ್ರಿ, ಅವರು ಮರೆತಿರ್ತಾರೆ. ಒಳಗಿಂದ ಏನಾದ್ರೂ ಸದ್ದು ಬರ್ತಿದೆಯಾ?"

"ನೀರು," ಅಂದರು ಮೇಲ್ವಿಚಾರಕರು. "ನಲ್ಲಿ ನೀರು ಬೀಳ್ತಾ ಇದೆ. ಕರೆದ್ರೆ... ಕರೆದ್ರೆ ಓ ಅಂತಿಲ್ಲ."

"ಬಾಗಿಲಿಗೆ ಕಿವಿ ಇಡಿ ಸರ್. ಅವರನ್ನ ಯಾವಾಗ್ಲೂ ಹೇಗೆ ಕರೀತೀರೋ ಹಾಗೇ ಕರೀರಿ."

"ಬೆಳಿಗ್ಗೆ ಅವರ ಮೇಲೆ ರೇಗಿದೆ," ಅಂದರು ಮೇಲ್ವಿಚಾರಕರು. "ಮಾತ್ರೆ ನುಂಗೋಕೆ ಸತಾಯಿಸ್ತಿದ್ರು. ತಟ್ಟೆ ಕುಕ್ಕಿ ಬಂದೆ."

ಚಿಕ್ಕಮ್ಮ ತನ್ನ ಪ್ರತಿಯ ಮೇಲೆ ಬೆರಳಾಡಿಸಿದಳು. ಈ ಸಾಲು ಅದರಲ್ಲಿ ಇರಲಿಲ್ಲ. ಮತ್ತೊಮ್ಮೆ ಮೇಲಿನಿಂದ ನೋಡಿದಳು. ಎಲ್ಲಿಯೂ ಇರಲಿಲ್ಲ.

"ಅದನ್ನ ಆಮೇಲೆ ಅವರ ಹತ್ರಾನೇ ಹೇಳೋರಂತೆ," ಅಂದಳು ಪುಟ್ಟಿ. "ಈಗ ನಮ್ಮವರು ಬಂದು ಬಾಗಿಲು ತೆಗೀಬೇಕು. ಯಾವ ಮನೆಗೆ ಬರಬೇಕು, ಹೇಳಿ."

"ನೀರಿನ ಟ್ಯಾಂಕ್ ಹಿಂದಿನ ರಸ್ತೆ. ಬಲಗಡೆ ಮೂರನೇ ಕಟ್ಟಡ, ಎರಡನೇ ಮಹಡಿ. ಲಿಫ್ಟ್ ಇಲ್ಲ. ಮೆಟ್ಟಿಲು ಕಿರಿದು, ಸ್ಟ್ರೆಚರ್ ಓರೆ ಮಾಡ್ಕೊಂಡು ಹತ್ತಬೇಕು."

"ಬರ್ಕೊಂಡೆ ಸರ್. ಗಾಡಿ ಹೊರಟಿದೆ. ಫೋನ್ ಇಡಬೇಡಿ, ಅವರನ್ನ ಕರೀತಾನೇ ಇರಿ. ನಾನಿಲ್ಲೇ ಇದ್ದೀನಿ."

"ಬೇಗ ಬರ್ತಾರಾ?"

"ಬರ್ತಿದ್ದಾರೆ ಸರ್."

ಕೊನೆಗೆ ಮೇಲ್ವಿಚಾರಕರು ಕೆಮ್ಮಿ, "ಸರಿ, ಸಾಕು," ಅಂದರು. ಪಕ್ಕದ ಕೋಣೆಯ ಬಾಗಿಲು ತೆರೆದುಕೊಂಡಿತು. ಅವರು ಹೊರಗೆ ಬಂದು, ಕೈಯಲ್ಲಿದ್ದ ಕಾಗದವನ್ನು ತಿರುವಿ ನೋಡುತ್ತಾ ನಿಂತರು.

"ಇಲ್ಲಿ ಹಳದಿ ಗೇಟಿನ ಮನೆ ಅಂತಿದೆ," ಅಂದರು.

"ಹೌದು ಸಾರ್."

"ನಾನು ಏನಂತ ಹೇಳಿದೆ?"

ಚಿಕ್ಕಮ್ಮ ನೀರಿನ ಟ್ಯಾಂಕ್ ಹಿಂದಿನ ಆ ಮನೆಗೆ ಒಮ್ಮೆ ಹೋಗಿದ್ದಳು. ಆ ಕಿರಿದಾದ ಮೆಟ್ಟಿಲು ಹತ್ತಿದ್ದಳು. ಬಾಗಿಲು ತೆರೆದು, ಮಗ ಒಳಗಿದ್ದಾನೆ ಬಾಮ್ಮ ಅಂತ ಕರೆದಿದ್ದ ಮುದುಕರನ್ನೂ ನೋಡಿದ್ದಳು.

"ನಿಮ್ಮ ಮನೆಯ ವಿಳಾಸ ಹೇಳಿದ್ರಿ ಸಾರ್," ಅಂದಳು.

ಅವರು ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಪುಟ್ಟಿಯ ಕಡೆ ತಿರುಗಿ, "ನಾಳೆ ಬೆಳಗಿನ ಪಾಳಿ ನಿನ್ನದಮ್ಮ," ಅಂದರು. ಆಮೇಲೆ ಕುರ್ಚಿಯ ಮೇಲಿದ್ದ ಚೀಲ ತೆಗೆದುಕೊಂಡು, ಊಟದ ಹೊತ್ತು ಇನ್ನೂ ಆಗಿರದಿದ್ದರೂ, ಮನೆಗೆ ಹೋದರು.